ಕರರ್ ಬೆಲ್: ಕಾವ್ಯನಾಮ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಕಾದಂಬರಿಕಾರ್ತಿಯರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದ ಕೈಕೊಡುತ್ತಿದೆ.

ಶಾರ್ಲೆಟ್ ಬ್ರಾಂಟೆ 1847ರಲ್ಲಿ 'ಜೇನ್ ಏರ್' ಅಚ್ಚು ಹಾಕಿಸಿದ್ದು 'ಕರರ್ ಬೆಲ್' ಎಂಬ ಹೆಸರಿನಲ್ಲಿ. ತಂಗಿಯರಾದ ಎಮಿಲಿ, ಆನ್ ಇಬ್ಬರೂ ಎಲಿಸ್ ಬೆಲ್, ಆಕ್ಟನ್ ಬೆಲ್ ಆದರು. ಇದನ್ನು ನಾವು ಸಲೀಸಾಗಿ 'ಕಾವ್ಯನಾಮ' ಅಂದುಬಿಡುತ್ತೇವೆ. ನನಗೆ ಯಾಕೋ ಒಗ್ಗುತ್ತಿಲ್ಲ. ನಮ್ಮ ಕಾವ್ಯನಾಮದಲ್ಲಿ ಮುಚ್ಚುಮರೆ ಇಲ್ಲವಲ್ಲ. ಕುವೆಂಪು ಯಾರೆಂದು ಊರಿಗೆಲ್ಲ ಗೊತ್ತು. ಅನಸೂಯಾ ಶಂಕರ್ 'ತ್ರಿವೇಣಿ' ಎಂದು ಬರೆದರೂ ಅದು ಹೆಣ್ಣಿನ ಹೆಸರೇ. ಬ್ರಾಂಟೆ ಅಕ್ಕತಂಗಿಯರದು ಬೇರೆ ಲೆಕ್ಕ. ಹೆಂಗಸು ಬರೆದದ್ದೆಂದು ಗೊತ್ತಾದರೆ ವಿಮರ್ಶಕರು ಬೇರೆ ತಕ್ಕಡಿ ಹಿಡಿಯುತ್ತಾರೆ ಅನ್ನುವ ಅಳುಕು ಅವರಿಗೆ. ಹಾಗಂತ ಪೂರಾ ಗಂಡಸಿನ ಹೆಸರಿಟ್ಟುಕೊಳ್ಳಲೂ ಮನಸ್ಸು ಒಪ್ಪಲಿಲ್ಲ, ಗಂಡೋ ಹೆಣ್ಣೋ ಗೊತ್ತಾಗದ ಹೆಸರು ಆರಿಸಿಕೊಂಡೆವು ಎಂದು 1850ರಲ್ಲಿ ಶಾರ್ಲೆಟ್ ಅವರೇ ವಿವರಿಸಿದ್ದಾರೆ. ಅದೇ ಕಾಲದ ಇನ್ನೊಬ್ಬ ಕಾದಂಬರಿಕಾರ್ತಿ ಮೇರಿಯನ್ ಇವಾನ್ಸ್ ಅಂಥ ಗೋಜಿಗೆ ಹೋಗದೆ ಸೀದಾ ಜಾರ್ಜ್ ಎಲಿಯಟ್ ಆಗಿಬಿಟ್ಟರು.

'ಗುಪ್ತನಾಮ' ಅಂದರೆ ಪತ್ತೇದಾರಿ ಕಾದಂಬರಿಯ ವಾಸನೆ. 'ಸುಳ್ಳು ಹೆಸರು' ಅಂದರೆ ಅವರ ಮೇಲೇ ತಪ್ಪು ಹೊರಿಸಿದ ಹಾಗೆ. 'ಅಂಕಿತ' ಅನ್ನೋಣವೆಂದರೆ ಅದು ವಚನಕಾರರ, ದಾಸರ ಸೊತ್ತು. 'ಮರೆಹೆಸರು' ನನಗೆ ಹಿಡಿಸಿದೆ, ಆದರೆ ಓದುವವರಿಗೆ 'ಮರೆತ ಹೆಸರು' ಅಂತ ಕೇಳಿಸಬಹುದು, ಅಲ್ವಾ?

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. 1848ರ ಡಿಸೆಂಬರ್‌ನಲ್ಲಿ 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಯಲ್ಲಿ ಎಲಿಜಬೆತ್ ರಿಗ್ಬಿ ಎಂಬ ವಿಮರ್ಶಕಿ (ತಮಾಷೆ ನೋಡಿ, ಅವರೂ ಹೆಸರು ಹಾಕಿರಲಿಲ್ಲ) 'ಜೇನ್ ಏರ್' ಬರೆದದ್ದು ಗಂಡಸೇ ಇರಬೇಕೆಂದು ವಾದ ಹೂಡಿದರು. ಅದಕ್ಕೆ ಸಾಕ್ಷಿ ಬಟ್ಟೆಬರೆ! ಕಾದಂಬರಿಯ ಮಿಸ್ ಇಂಗ್ರಮ್ ತಿಳಿನೀಲಿ ಕ್ರೇಪ್ ನಿಲುವಂಗಿ ತೊಟ್ಟು, ಕೂದಲಿಗೆ ನೀಲಿ ತೆಳುಬಟ್ಟೆ ಸುತ್ತಿಕೊಂಡು ಬರುತ್ತಾಳಂತೆ. ಯಾವ ಹೆಂಗಸೂ ಇನ್ನೊಬ್ಬಳಿಗೆ ಹೀಗೆ ಉಡಿಸುವುದಿಲ್ಲವಂತೆ. ಈ ಜಗಳವನ್ನು ಕನ್ನಡದಲ್ಲಿ ಹೇಳುವುದು ಹೇಗೆ? 'ಬೆಲ್ ಬರೆದಿದ್ದಾರೆ' ಅಂದರೆ ಗಂಡು ಹೆಣ್ಣಿನ ಗುಟ್ಟು ತಾನಾಗಿ ಮುಚ್ಚಿಹೋಗುತ್ತದೆ, ವಾದಕ್ಕೇ ಜಾಗವಿಲ್ಲ. 'ಬರೆದಿದ್ದಾನೆ' ಅಂದರೆ ವಿಮರ್ಶೆಯಲ್ಲಿ ಒರಟಾಗಿ ಕಾಣುತ್ತದೆ. ಸದ್ಯಕ್ಕೆ 'ಬರೆದದ್ದು', 'ಬರೆದ ಕೈ' ಅಂತೆಲ್ಲ ಸುತ್ತಿಬಳಸಿ ಸಾಗಿಸುತ್ತಿದ್ದೇನೆ. ಹಳೆಯ ವಿಮರ್ಶೆಗಳನ್ನು ಅನುವಾದ ಮಾಡಿದವರು ಇಲ್ಲಿದ್ದರೆ, ನೀವು ಏನು ಮಾಡಿದಿರಿ? 'ಅವನು' ಎಂದೇ ಹಾಕಬಹುದೇ?