ರೇಷ್ಮೆ ಗೂಡು ಬೇಯಿಸಿದ ನೀರಿನ ಮೇಲೆ ಕಾಲೇಜಿನವರು ಪ್ರಯೋಗ ಮಾಡ್ತೀವಿ ಅಂತಾವ್ರೆ, ಜಾಗ ಕೊಡಬಹುದಾ? (ಶಿಡ್ಲಘಟ್ಟ)

ಬೇಸಿನ್‌ಮನೆ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ದು ಶಿಡ್ಲಘಟ್ಟ, ಮನೆ ಹಿಂದೇನೇ ಆರು ಬೇಸಿನ್ನಿನ (ಬಿಸಿನೀರಲ್ಲಿ ಗೂಡು ಇಟ್ಟು ನೂಲು ತೆಗೆಯೋ ತೊಟ್ಟಿ) ಯೂನಿಟ್ ಐತೆ, ತಾತನ ಕಾಲದಿಂದ ನೂಲು ಬಿಚ್ಚೋದೇ ಕಸುಬು. ಹೋದ ತಿಂಗಳು ಒಬ್ರು ಕೆಮಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಮೇಡಂ ಇಬ್ರು ಸ್ಟೂಡೆಂಟ್ಸ್ ಕರ್ಕೊಂಡು ಬಂದಿದ್ರು. ಬೆಳಗ್ಗೆ ಗೂಡು ಬೇಯಿಸೋ ಪಾತ್ರೆಯಿಂದ ಒಂದು ಬಾಟ್ಲು, ಮಧ್ಯಾಹ್ನ ಬೇಸಿನ್ ನೀರು ಬದಲಾಯಿಸುವಾಗ ಒಂದು, ಸಾಯಂಕಾಲ ಮೋರಿ ಬಾಯಲ್ಲಿ ಒಂದು ಹಿಡ್ಕೊಂಡು ಐಸ್ ಬಾಕ್ಸಲ್ಲಿ ಇಟ್ಕೊಂಡು ಹೋದ್ರು. ಈಗ ಫೋನ್ ಮಾಡಿ ನಿಮ್ಮ ಹಿತ್ಲಲ್ಲಿ ಮೂರು ಡ್ರಮ್ ಇಡೋಷ್ಟು ಜಾಗ ಕೊಟ್ರೆ ಈ ನೀರು ಕ್ಲೀನ್ ಮಾಡೋ ಪ್ರಯೋಗ ಆರು ತಿಂಗಳು ಮಾಡ್ತೀವಿ ಅಂತಾವ್ರೆ.

ನಮ್ಮಪ್ಪ ಸುತಾರಾಂ ಬೇಡ ಅಂತಾರೆ. ರಿಪೋರ್ಟು ಮಾಲಿನ್ಯ ಮಂಡಳಿಗೆ ಹೋದ್ರೆ ಬಾಗಿಲು ಹಾಕಿಸ್ತಾರೆ ಅಂತ ಭಯ. ನನಗೆ ಮಾತ್ರ ಆ ಮೋರಿ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ನೀರು ಹಾಲು ಜಾಸ್ತಿ ಹಾಕಿದ ಟೀ ಬಣ್ಣ, ಆರಿದ ಮೇಲೆ ಮೇಲೊಂದು ಕೆನೆ ಕಟ್ಟುತ್ತೆ, ಎರಡನೇ ದಿನಕ್ಕೆ ಆ ವಾಸನೆ ಹೇಳೋಕಾಗಲ್ಲ. ಪಕ್ಕದ್ಮನೆಯವರು ನಾಲ್ಕು ವರ್ಷದಿಂದ ಆ ಕಡೆ ಕಿಟಕಿ ತೆಗೆದಿಲ್ಲ. ಈ ಕಾಲೇಜಿನವರ ಕೆಲಸದಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ, ಪೇಪರ್ ಬರ್ಕೊಂಡು ಹೋಗ್ಬಿಡ್ತಾರಾ? ಗೊತ್ತಿರೋರು ಹೇಳಿ.

ತುಮಕೂರು ಕೆಮಿಕಲ್:

ನಾನು ಕೆಮಿಕಲ್ ಇಂಜಿನಿಯರಿಂಗಲ್ಲಿ ಪಿಎಚ್‌ಡಿ ಮಾಡ್ತಿದೀನಿ, ನನ್ನ ವಿಷಯಾನೂ ಕೊಳಚೆ ನೀರೇ. ದಯವಿಟ್ಟು ಜಾಗ ಕೊಡಿ. ಯಾಕೆ ಅಂತ ಹೇಳ್ತೀನಿ.

ನಿಮ್ಮ ನೀರಲ್ಲಿರೋದು ವಿಷ ಅಲ್ಲ, ಪ್ರೋಟೀನು. ಗೂಡಿನ ಸಿಪ್ಪೆಯಲ್ಲಿ ಶೇ. 20ರಿಂದ 30ರಷ್ಟು ಸೆರಿಸಿನ್ ಅನ್ನೋ ಅಂಟು ಇರುತ್ತೆ, ಅದರಲ್ಲಿ ಹೆಚ್ಚಿನ ಪಾಲು ದಾರದ ಮೇಲೇ ಉಳಿಯುತ್ತೆ, ಸ್ವಲ್ಪ ಬಿಸಿನೀರಲ್ಲಿ ಕರಗುತ್ತೆ, ಅದರ ಜೊತೆಗೆ ಹುಳದ ಜಿಡ್ಡು. ಇದು ಮೋರಿಗೋ ಕೆರೆಗೋ ಹೋದ್ರೆ ಬ್ಯಾಕ್ಟೀರಿಯಾಗಳು ತಿನ್ನೋಕೆ ಶುರು ಮಾಡಿ ನೀರಲ್ಲಿರೋ ಆಮ್ಲಜನಕ ಎಲ್ಲ ಖಾಲಿ ಮಾಡ್ತವೆ, ಅದು ಖಾಲಿಯಾದ ಮೇಲೆ ಕೊಳೆಯೋದು, ಆಗ ಬರೋದೇ ಆ ವಾಸನೆ. ಕೆರೆ ಹಳ್ಳಕ್ಕೆ ಬಿಡೋ ನೀರಲ್ಲಿ ಬಿಒಡಿ (ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗೆ ಬೇಕಾಗೋ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ, ಸಿಒಡಿ (ಕೊಳೆನ ರಾಸಾಯನಿಕವಾಗಿ ಒಡೆಯೋಕೆ ಬೇಕಾಗೋ ಆಮ್ಲಜನಕ) 250 ದಾಟಬಾರದು ಅಂತ ನಿಯಮ, ಹೊಲಕ್ಕೆ ಬಿಡೋದಾದ್ರೆ ಬಿಒಡಿ 100ರವರೆಗೆ ನಡೆಯುತ್ತೆ. ಗೂಡು ಬೇಯಿಸಿದ ನೀರಲ್ಲಿ ಸಿಒಡಿ ಸಾವಿರ ದಾಟೋದು ಮಾಮೂಲಿ.

ಇದನ್ನ ತೆಗೆಯೋದು ಹೇಗೆ ಅಂತ ಮನೆಯಲ್ಲೇ ನೋಡಬಹುದು. ಆರಿದ ಬೇಸಿನ್ ನೀರು ಒಂದು ಗಾಜಿನ ಲೋಟದಲ್ಲಿ ತಗೊಂಡು ನಿಂಬೆರಸ ಹನಿ ಹನಿಯಾಗಿ ಬಿಡಿ. ಹಾಲು ಒಡೆಯುತ್ತಲ್ಲ ಅದೇ ಲೆಕ್ಕ, ಹಾಲಿನ ಪ್ರೋಟೀನು ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 4.6ರ ಹತ್ರ ಒಡೆದ್ರೆ ಸೆರಿಸಿನ್ 4ರ ಆಸುಪಾಸಲ್ಲಿ ಗುಂಪುಗೂಡಿ ಕೆಳಗೆ ಕೂರುತ್ತೆ. ಜಾಸ್ತಿ ಹುಳಿ ಹಾಕಿದ್ರೆ ಮತ್ತೆ ಕರಗೋಕೆ ಶುರುವಾಗುತ್ತೆ, ಅದಕ್ಕೇ ಹನಿ ಹನಿ ಅಂದಿದ್ದು.

ಇಷ್ಟು ಸುಲಭ ಇದ್ರೆ ಪ್ರಯೋಗ ಯಾಕೆ ಅಂತ ಕೇಳಬಹುದು. ಕಷ್ಟ ಇರೋದು ಲೋಟದ ಆಚೆಗೆ. ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದರಲ್ಲಿರೋ ಬೈಕಾರ್ಬೊನೇಟ್ ಮೊದಲು ಆಸಿಡ್ ನುಂಗಿಬಿಡುತ್ತೆ, ಹಾಗಾಗಿ ಖರ್ಚು ಜಾಸ್ತಿ. ಆಮೇಲೆ ಹುಳಿ ನೀರನ್ನ ಹಾಗೇ ಬಿಡೋಹಂಗಿಲ್ಲ, ಸುಣ್ಣ ಹಾಕಿ ಪಿಎಚ್ 5.5ರ ಮೇಲೆ ತರಬೇಕು. ತುಂಬಾ ಹೊತ್ತು ಕುದ್ದ ಸೆರಿಸಿನ್ ಚೂರುಚೂರಾಗಿರುತ್ತೆ, ಆ ಸಣ್ಣ ಚೂರು ಕೂರೋದೇ ಇಲ್ಲ, ಅದಕ್ಕೆ ಬ್ಯಾಕ್ಟೀರಿಯಾ ಹಂತ ಬೇಕೇ ಬೇಕು. ಮೂರು ಡ್ರಮ್ ಅಂದಿದ್ದು ಬಹುಶಃ ಇದಕ್ಕೇ. ಇದೆಲ್ಲ ಲ್ಯಾಬಲ್ಲಿ ಕೂತು ಗೊತ್ತಾಗಲ್ಲ. ನಮ್ಮ ಫೀಲ್ಡಲ್ಲಿ ಎಷ್ಟೋ ಕೆಲಸ ಡಿಸ್ಟಿಲ್ಡ್ ವಾಟರಿಗೆ ಬಣ್ಣ ಬೆರೆಸಿ ಅದನ್ನ ತೆಗೆದು ಶೇ. 95 ಹೋಯ್ತು ಅಂತ ಬರೆದು ಮುಗಿದುಹೋಗುತ್ತೆ, ನನಗೆ ಅದು ನಿಜಕ್ಕೂ ನೋವಿನ ವಿಷಯ. ಆ ಮೇಡಂ ನಿಮ್ಮ ಹಿತ್ಲಿಗೆ ಬಂದು, ದಿನಕ್ಕೆ ಮೂರು ಸಲ ಬೇರೆ ಬೇರೆ ನೀರು ಹಿಡಿದಿದಾರೆ ಅಂದ್ರೆ ಕೆಲಸ ಗೊತ್ತಿರೋರು.

ಅವರನ್ನ ಒಂದೇ ಒಂದು ಪ್ರಶ್ನೆ ಕೇಳಿ: ಕೆಳಗೆ ಕೂತ ಬಗ್ಗಡ ಎಲ್ಲಿಗೆ ಹೋಗುತ್ತೆ? ನೀರಿಂದ ತೆಗೆದಿದ್ದು ಮಾಯ ಆಗಲ್ಲ, ಇನ್ನೊಂದು ಕಡೆ ಸೇರುತ್ತೆ.

ರೀಲರ್ ಅಣ್ಣ:

ಈ ಬಗ್ಗಡದ ಮಾತು ನೂರಕ್ಕೆ ನೂರು ನಿಜ ಕಣಪ್ಪ. ನಾನೂ ಇದೇ ಊರು. ಕೆಲವು ವರ್ಷದ ಹಿಂದೆ ನಮ್ಮ ಯೂನಿಟ್ಟಲ್ಲಿ ಒಬ್ರು ಬಂದು ಸ್ಫಟಿಕ ಹಾಕೋ ತೊಟ್ಟಿ ಮಾಡಿಕೊಟ್ರು. ನೀರೇನೋ ತಿಳಿ ಆಯ್ತು, ನಾವೂ ಖುಷಿ ಪಟ್ವಿ. ಆದ್ರೆ ತಳದಲ್ಲಿ ರಾಗಿ ಅಂಬಲಿ ಥರ ಲೋಳೆ, ಎಷ್ಟು ಬಿಸಿಲಿಗೆ ಹಾಕಿದ್ರೂ ಒಣಗ್ತಾನೇ ಇರ್ಲಿಲ್ಲ, ಮೇಲೆ ಸಿಪ್ಪೆ ಕಟ್ಟಿ ಒಳಗೆ ಹಸಿ, ನೊಣ ಮುತ್ಕೊಂಡು ಮಕ್ಕಳು ಹಿತ್ಲಿಗೆ ಹೋಗೋಹಂಗಿರ್ಲಿಲ್ಲ. ತೊಟ್ಟಿ ಕಟ್ಟಿದೋರು ಆಮೇಲೆ ಫೋನೇ ಎತ್ಲಿಲ್ಲ. ಎರಡು ತಿಂಗಳಿಗೆ ತೊಟ್ಟಿ ಮುಚ್ಚಿ ಮಣ್ಣು ಹಾಕ್ದೆ, ಅದ್ರ ಮೇಲೆ ಈಗ ಸೌದೆ ಜೋಡಿಸಿದೀನಿ.

ನಾನು ಹೇಳೋದು ಇನ್ನೊಂದೈತೆ. ಬೇಯಿಸೋ ಪಾತ್ರೆ ನೀರು ಕಮ್ಮಿ, ಆದ್ರೆ ಅದೇ ಗಟ್ಟಿ. ಬೇಸಿನ್ನು, ತೊಳೆಯೋ ನೀರು ಜಾಸ್ತಿ, ಆದ್ರೆ ತೆಳು. ಎರಡನ್ನೂ ಒಂದೇ ಮೋರಿಗೆ ಬಿಟ್ಟು ಆಮೇಲೆ ಕ್ಲೀನ್ ಮಾಡೋಕೆ ಹೋದ್ರೆ ಡ್ರಮ್ಮು ಸಾಲಲ್ಲ. ಮೊದ್ಲು ಪೈಪ್ ಬೇರೆ ಮಾಡಿ. ಸತ್ತ ಹುಳ ನೀರಲ್ಲಿ ನೆನೆಯೋಕೆ ಬಿಡ್ಬೇಡಿ, ಅವತ್ತಿಂದವತ್ತೇ ಜಾಲರಿಯಲ್ಲಿ ಎತ್ತಿ ಕೊಳ್ಳೋರಿಗೆ ಕೊಟ್ಬಿಡಿ. ಇಷ್ಟಕ್ಕೇ ಅರ್ಧ ವಾಸನೆ ಹೋಗುತ್ತೆ, ನಮ್ಮನೇಲಿ ಹೋಗೈತೆ.

ತುಮಕೂರು ಕೆಮಿಕಲ್:

ಅಣ್ಣ, ನಿಮ್ಮ ತೊಟ್ಟಿ ಸೋತಿದ್ದು ಬಹುಮಟ್ಟಿಗೆ ಸ್ಫಟಿಕದಿಂದ. ಅದು ನೀರಲ್ಲಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಲೋಳೆ ಆಗಿ ಪ್ರೋಟೀನನ್ನ ಅಪ್ಕೊಂಡು ಕೂರುತ್ತೆ, ಆ ಲೋಳೆ ನೀರು ಬಿಟ್ಟುಕೊಡಲ್ಲ, ಗೊಬ್ಬರಕ್ಕೆ ಹಾಕೋಕೂ ಅಲ್ಯೂಮಿನಿಯಂ ಅಡ್ಡ. ಬರೀ ಆಸಿಡ್‌ನಿಂದ ಕೂರಿಸಿದ್ರೆ ಬಗ್ಗಡ ಹೆಚ್ಚುಕಮ್ಮಿ ಪ್ರೋಟೀನೇ, ಅಂದ್ರೆ ಸಾರಜನಕ. ಅದಕ್ಕೆ ಸಗಣಿ, ಹುಳ ಮೇಯಿಸಿ ಮಿಕ್ಕ ಹಿಪ್ಪುನೇರಳೆ ಕಡ್ಡಿ ಕಸ ಪುಡಿ ಮಾಡಿ ಸೇರಿಸಿದ್ರೆ ಕಾಂಪೋಸ್ಟ್ ಆಗುತ್ತೆ. ಗೋಬರ್ ಗ್ಯಾಸಿಗೂ ಹಾಕಬಹುದು, ಆದ್ರೆ ಪ್ರೋಟೀನು ಒಂದನ್ನೇ ಹಾಕಿದ್ರೆ ಅಮೋನಿಯಾ ಜಾಸ್ತಿಯಾಗಿ ಗ್ಯಾಸ್ ಮಾಡೋ ಬ್ಯಾಕ್ಟೀರಿಯಾ ಮಂಕಾಗ್ತವೆ, ಸಗಣಿ ಬೆರಕೆ ಇರಲೇಬೇಕು. ಪೈಪ್ ಬೇರೆ ಮಾಡೋ ನಿಮ್ಮ ಮಾತು ನಾನು ನೋಟ್ ಮಾಡ್ಕೊಂಡೆ.

ರಿಟೈರ್ಡ್ ಮೇಷ್ಟ್ರು, ಚಿಂತಾಮಣಿ:

ಅಪ್ಪನ ಭಯದ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೀತಿದೀನಿ. ಆ ಭಯ ಸುಳ್ಳಲ್ಲ, ಸಣ್ಣ ಯೂನಿಟ್ ಮೇಲೆ ಹತ್ತಿಪ್ಪತ್ತು ಜನರ ಹೊಟ್ಟೆಪಾಡು ನಿಂತಿರುತ್ತೆ. ಮೇಡಂ ಹತ್ರ ಒಂದು ಪತ್ರ ಬರೆಸ್ಕೊಳ್ಳಿ, ರಿಪೋರ್ಟಿನಲ್ಲಿ ಯೂನಿಟ್ಟಿನ ಹೆಸರಿಲ್ಲದೆ ನಂಬರ್ ಮಾತ್ರ ಇರಬೇಕು, ಪ್ರಯೋಗ ಮುಗಿದ ಮೇಲೆ ಡ್ರಮ್ಮು ಬಗ್ಗಡ ಎರಡೂ ಅವರೇ ತೆಗೆಸಬೇಕು, ರಿಸಲ್ಟು ಮೊದಲು ನಿಮಗೆ ಕನ್ನಡದಲ್ಲಿ ಹೇಳಬೇಕು ಅಂತ. ಬೆಂಗಳೂರಿನ ಕೊಳಚೆಯನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿ ಎಚ್‌ಎನ್ ವ್ಯಾಲಿ (ಹೆಬ್ಬಾಳ–ನಾಗವಾರ ಕಣಿವೆ) ಯೋಜನೆಯ ಪೈಪಲ್ಲಿ ನಮ್ಮ ಜಿಲ್ಲೆ ಕೆರೆಗೆ ತುಂಬಿಸ್ತಿದಾರೆ, ಆ ನೀರಿನ ಬಗ್ಗೆ ನಾವೆಲ್ಲ ಗಟ್ಟಿಯಾಗಿ ಪ್ರಶ್ನೆ ಕೇಳಿದೀವಿ, ಕೇಳಲೂಬೇಕು. ನಮ್ಮ ಮೋರಿಯ ನೀರಿಗೂ ಅದೇ ಪ್ರಶ್ನೆ ಕೇಳೋಣ.

ಬೇಸಿನ್‌ಮನೆ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಾಯಂಕಾಲ ಲೋಟದ ಪ್ರಯೋಗ ಮಾಡಿದೆ, ಅಪ್ಪನ್ನ ಪಕ್ಕದಲ್ಲೇ ಕೂರಿಸ್ಕೊಂಡಿದ್ದೆ. ಮೊದಲ ನಿಂಬೆ ಹೋಳು ಹಿಂಡಿದಾಗ ಏನೂ ಆಗ್ಲಿಲ್ಲ, ಎರಡನೇ ಹೋಳು ಹಿಂಡ್ತಾ ಇದ್ದಂಗೆ ನೀರು ಮೊದ್ಲು ಇನ್ನೂ ಬೆಳ್ಳಗಾಯ್ತು, ಆಮೇಲೆ ಸಣ್ಣ ಸಣ್ಣ ಹತ್ತಿ ಎಳೆ ಥರ ಕಾಣಿಸ್ಕೊಂಡು ನಿಧಾನಕ್ಕೆ ಇಳಿಯೋಕೆ ಶುರುವಾಯ್ತು. ರಾತ್ರಿ ಊಟ ಮುಗಿಸಿ ನೋಡಿದ್ರೆ ತಳದಲ್ಲಿ ಒಂದು ಬೆರಳು ಬೂದು ಬಣ್ಣ, ಮೇಲಿನ ನೀರಲ್ಲಿ ಆ ಕಡೆ ಗೋಡೆ ಕಾಣ್ತಿತ್ತು. ಅಪ್ಪ ಲೋಟ ಎತ್ತಿ ಲೈಟಿಗೆ ಹಿಡ್ದು ತುಂಬಾ ಹೊತ್ತು ನೋಡಿದ್ರು. ಐವತ್ತು ವರ್ಷ ಇದನ್ನ ಮೋರಿಗೆ ಸುರಿದಿದೀವಲ್ಲೋ ಅಂದ್ರು.

ಮೇಷ್ಟ್ರು ಹೇಳಿದಂಗೆ ಪತ್ರ ಕೇಳಿದೀನಿ, ಮೇಡಂ ಒಪ್ಕೊಂಡವ್ರೆ. ಸ್ಫಟಿಕ ಬಳಸಲ್ಲ, ಆಸಿಡ್ ಎಷ್ಟು ಬೇಕು ಅಂತ ನಮ್ಮ ಬೋರ್ ನೀರಲ್ಲೇ ಮೊದ್ಲು ಅಳೀತೀವಿ ಅಂದ್ರು. ಬೇಯಿಸೋ ಪಾತ್ರೆ ನೀರಿಗೆ ಬೇರೆ ಪೈಪ್ ಹಾಕೋಕೆ ಪ್ಲಂಬರ್ ಭಾನುವಾರ ಬರ್ತಾನೆ. ರೀಲರ್ ಅಣ್ಣ, ನಿಮ್ಮ ಜಾಲರಿ ಎಷ್ಟು ಸಣ್ಣ ಕಣ್ಣಿಂದು, ಎಲ್ಲಿ ತಗೊಂಡ್ರಿ?