‘ಶೇರ್ಡ್ ಹೌಸ್‌ಹೋಲ್ಡ್’ಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡು ನಾಳೆಯೇ ಬರೆಸಬೇಕು

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ ಗೋಡೆಗೆ ಬೋರ್ಡು, ಪೇಂಟರ್ ಬೆಳಗ್ಗೆಯೇ ಬರುತ್ತಾರೆ. ಗಂಡ ಹೆಂಡತಿ ಬೇರೆಯಾಗುವ ಹಂತಕ್ಕೆ ಬಂದಾಗ ಹೆಂಗಸನ್ನು ರಾತ್ರೋರಾತ್ರಿ ಹೊರಗೆ ಹಾಕುತ್ತಾರಲ್ಲ, ಹಾಗೆ ಮಾಡುವಂತಿಲ್ಲ, ಮನೆ ಆಕೆಯ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿರುವ ಹಕ್ಕಿದೆ ಅಂತ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಮನೆಗೆ ಕಾಯ್ದೆಯಲ್ಲಿ ‘ಶೇರ್ಡ್ ಹೌಸ್‌ಹೋಲ್ಡ್’ ಅಂತಿದೆ. ನನ್ನ ಕೈಗೆ ಬಂದ ಕರಡಿನಲ್ಲಿ ‘ಹಂಚಿಕೊಂಡ ಮನೆ’ ಅಂತ ಬರೆದಿದ್ದಾರೆ. ನಮ್ಮ ಕಡೆ ಮನೆ ಹಂಚಿಕೊಂಡರು ಅಂದ್ರೆ ಅಣ್ಣತಮ್ಮಂದಿರು ಭಾಗವಾಗಿ ನಡುವೆ ಗೋಡೆ ಎಬ್ಬಿಸಿದರು ಅಂತ. ಪೂರಾ ಉಲ್ಟಾ ಅರ್ಥ! ‘ಜಂಟಿ ಮನೆ’ ಅಂದರೆ ಒಡೆತನವೂ ಇಬ್ಬರದು ಅನ್ನಿಸುತ್ತದೆ. ಬೇರೆ ಏನಿದೆ?

---

‘ಕೂಡೊಕ್ಕಲು’. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಒಕ್ಕಲು ಅಂದರೆ ನೆಲೆಸಿರುವುದು. ಹೊಸ ಮನೆ ಹೊಕ್ಕರೆ ಮನೆ ಒಕ್ಕಲು, ಇದ್ದವರನ್ನು ಓಡಿಸಿದರೆ ಒಕ್ಕಲೆಬ್ಬಿಸುವುದು. ಯಾರ ಹೆಸರಲ್ಲಿ ಪತ್ರವಿದೆ ಅನ್ನುವ ಮಾತೇ ಈ ಬೇರಿನಲ್ಲಿಲ್ಲ. ಇಂಥ ಪದ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವ ಚಟ ಬಿಡಬೇಕು.

---

ಸರ್, ಕರಾವಳಿಯಲ್ಲಿ ಒಕ್ಕಲು ಅಂದರೆ ಗೇಣಿದಾರ. ಆಕೆ ಸ್ವಂತ ಮನೆಯಲ್ಲಿ ಗೇಣಿಗೆ ಇದ್ದಾಳಾ? ಹಿಂದಿ ಪಠ್ಯದಲ್ಲಿ ‘ಸಾಝೀ ಗೃಹಸ್ಥೀ’ ಅಂತಿದೆ, ಗಂಭೀರವಾಗಿದೆ. ನಾವು ‘ಸಹವಾಸ ಗೃಹ’ ಅನ್ನಬಹುದು. ಇಲ್ಲದಿದ್ದರೆ ಸುಮ್ನೆ ‘ಗಂಡನ ಮನೆ’ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ.

---

‘ಸಹವಾಸ’ ಬೇಡವೇ ಬೇಡ. ‘ಅವನ ಸಹವಾಸ ಬಿಡು’ ಅನ್ನುವ ಜನರ ಎದುರು ಆ ಬೋರ್ಡು ನಿಲ್ಲುವುದಿಲ್ಲ. ಇನ್ನು ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಏನು ತಪ್ಪು? ಕೋರ್ಟು, ಸೆಕ್ಷನ್, ಡಿವೋರ್ಸ್ ಎಲ್ಲ ಬಂದಿವೆ. ವಿಚ್ಛೇದನಕ್ಕೆ ಉತ್ತರ ಕರ್ನಾಟಕದಲ್ಲಿ ಅನ್ನುವ ‘ಸೋಡಚೀಟಿ’ಯೂ ಮರಾಠಿಯಿಂದಲೇ ಬಂದದ್ದು, ಯಾರೂ ಅದನ್ನು ಹೊರಗೆ ಹಾಕಿಲ್ಲ.

---

ಮತ್ತೆ ನಾನೇ, ಮೊದಲು ಪದ ಕೇಳಿದ್ದು. ಸೋಡಚೀಟಿ ಜನರ ಬಾಯಲ್ಲಿ ಬೆಳೆದ ಪದ, ಶೇರ್ಡ್ ಹೌಸ್‌ಹೋಲ್ಡ್ ವಕೀಲರ ಬಾಯಿ ದಾಟಿಲ್ಲ. ಎರವಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಗು ಕಂಕುಳಲ್ಲಿ ಇಟ್ಟುಕೊಂಡು ಆ ಗೋಡೆ ಮುಂದೆ ನಿಲ್ಲುವವರಿಗೆ ಅದು ತಲುಪುವುದಿಲ್ಲ, ಅಷ್ಟೇ.

‘ಗಂಡನ ಮನೆ’ ಅಂತೂ ಆಗುವುದೇ ಇಲ್ಲ. ಮೊದಲನೆಯದಾಗಿ ಈ ಕಾಯ್ದೆ ತಾಯಿ, ಅಕ್ಕತಂಗಿಯರಿಗೂ ಅನ್ವಯಿಸುತ್ತದೆ. ಅದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಅತ್ತೆಯ ಹೆಸರಲ್ಲಿರುವ ಮನೆ ಇದರಲ್ಲಿ ಸೇರುವುದಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹದಿನಾಲ್ಕು ವರ್ಷ ಅದೇ ನಡೆಯಿತು. 2020ರ ಅಕ್ಟೋಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಪ್ಪು ಅಂತ ತೆಗೆದುಹಾಕಿತು. ಈಗ ನಾವು ಬೋರ್ಡಿನಲ್ಲಿ ‘ಗಂಡನ ಮನೆ’ ಅಂತ ಬರೆದರೆ ಆ ಹಳೆಯ ಅರ್ಥವನ್ನು ನಾವೇ ವಾಪಸ್ ತಂದ ಹಾಗಲ್ವಾ?

ನನಗೆ ‘ಕೂಡಿ ಬಾಳಿದ ಮನೆ’ ಹಿಡಿಸಿತು. ಮಗಳು ಬಾಳ್ವೆ ಮಾಡುತ್ತಿದ್ದಾಳೆ ಅನ್ನುತ್ತೇವಲ್ಲ, ಆ ಬಾಳು. ಆದರೆ ‘ಬಾಳಿದ’ದಲ್ಲೂ ತೊಡಕಿದೆ. ಆಕೆ ಅಲ್ಲಿ ವಾಸ ಮಾಡಿರಲೇಬೇಕು ಅಂತಿಲ್ಲ, ವಾಸ ಮಾಡುವ ಹಕ್ಕಿದ್ದರೆ ಸಾಕು ಅಂತ 2022ರಲ್ಲಿ ಅದೇ ಕೋರ್ಟ್ ಹೇಳಿದೆ. ಮದುವೆಯಾದ ಮೇಲೆ ಹೊಸಿಲು ದಾಟಲು ಬಿಡದವಳೂ ಇದರೊಳಗೆ ಬರುತ್ತಾಳೆ. ಹಾಗಾಗಿ ‘ಬಾಳುವ’.

‘ಕೂಡಿ ಬಾಳುವ ಮನೆಯಲ್ಲಿ ಇರುವುದು ನಿಮ್ಮ ಹಕ್ಕು. ಮನೆ ಗಂಡನದಿರಲಿ, ಅತ್ತೆ ಮಾವನದಿರಲಿ, ಬಾಡಿಗೆಯದಿರಲಿ, ಕಾನೂನಿನ ಕ್ರಮ ಬಿಟ್ಟು ನಿಮ್ಮನ್ನು ಒಕ್ಕಲೆಬ್ಬಿಸುವಂತಿಲ್ಲ.’ ಹೀಗೆ ಬರೆಸುತ್ತೇನೆ. ಒಕ್ಕಲು ಪದ ಕೊಟ್ಟ ಸರ್‌ಗೆ ವಂದನೆ, ಅದು ಕೊನೆಯ ಸಾಲಿಗೆ ಸರಿಯಾಗಿ ಕೂತಿತು. ತಕರಾರಿದ್ದರೆ ರಾತ್ರಿ ಹತ್ತರೊಳಗೆ ತಿಳಿಸಿ.