ಎಳ್ಳಮಾವಾಸ್ಯೆಯೊಳಗೆ ಜೀಪು ಎದ್ದೇಳುತ್ತಾ? ಮನೆ ಶೆಡ್‌ನಲ್ಲಿ ಎಂಎಂ540

ಪಾನಾಪೆಟ್ಟಿ, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೆ ಮಹೀಂದ್ರಾ ಎಂಎಂ540 ಜೀಪನ್ನು ಮನೆ ಹಿಂದಿನ ತಗಡಿನ ಶೆಡ್‌ನಲ್ಲಿ ಪೂರ್ತಿ ಬಿಚ್ಚಿ ಹಾಕಿದ್ದೇನೆ. ಬಾಡಿ ಗೋಡೆಗೆ ಒರಗಿದೆ, ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಇಟ್ಟಿಗೆ ಮೇಲೆ ಕೂತಿದೆ, ಎಂಜಿನ್ ಚೈನ್ ಪುಲ್ಲಿಗೆ ನೇತಾಡುತ್ತಿದೆ. ಚಳಿಗಾಲ ಬಿಟ್ಟರೆ ಆ ತಗಡಿನ ಕೆಳಗೆ ನಿಲ್ಲೋಕಾಗಲ್ಲ. ಏಪ್ರಿಲ್‌ನಲ್ಲಿ ಪಾನಾ ಮುಟ್ಟಿದರೆ ಕೈ ಸುಡುತ್ತೆ. ಪ್ಲಾನ್ ಏನಂದ್ರೆ ಬಾಗಿಲಿಲ್ಲದ ಬಾಡಿ, ಸ್ವಲ್ಪ ಎತ್ತರ, ಅಗಲ ಟೈರು, ಹಿಂದೆ ಎದುರುಬದುರು ಸೀಟು. ಎಳ್ಳಮಾವಾಸ್ಯೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊಲಕ್ಕೆ ಹೋಗಬೇಕು.
ಮೂರು ಪ್ರಶ್ನೆ. ತುಕ್ಕು ತಡೆಯೋಕೆ ಬಣ್ಣಕ್ಕೂ ಮೊದಲು ಚಾಸಿಗೆ ರೆಡ್ ಆಕ್ಸೈಡ್ ಸಾಕಾ, ಎಪಾಕ್ಸಿ ಪ್ರೈಮರ್ ಬೇಕಾ? ಹಳೆ ಎಂಜಿನ್ ತೆಗೆದು ಬೊಲೆರೊದ್ದು ಕೂರಿಸಿದರೆ ಆರ್‌ಟಿಒದಲ್ಲಿ ತಕರಾರು ಬರುತ್ತಾ? ಬಣ್ಣ ಮನೆಯಲ್ಲೇ ಹೊಡೀಬಹುದಾ?

ಗ್ಯಾರೇಜ್ ಕಾಕಾ
ತಮ್ಮಾ, ರೆಡ್ ಆಕ್ಸೈಡ್ ಎರಡು ಕೈ ಹೊಡಿ, ಮೇಲೆ ಕಪ್ಪು ಪೇಂಟ್ ಹೊಡಿ, ಮುಗೀತು. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್‌ಗೆಲ್ಲ ಅದೇ. ಎಪಾಕ್ಸಿ ಅನ್ನೋದು ಸಮುದ್ರದ ಕಡೆಯವರ ಚಿಂತೆ. ಮಂಗಳೂರಿನ ಉಪ್ಪುಗಾಳಿ ಇಲ್ಲೆಲ್ಲಿ ಬೀಸುತ್ತೆ? ಎಂಜಿನ್ ಮಾತ್ರ ಮುಟ್ಟಬೇಡ. 2112 ಸಿಸಿ ಪ್ಯೂಜೋ ಡೀಸೆಲ್ ಅದು. ಹೀಟರ್ ಪ್ಲಗ್ ಸರಿ ಇದ್ದರೆ ಎಂಥ ಚಳಿಗೂ ಒಂದೇ ಸೆಲ್ಫ್‌ಗೆ ಏಳುತ್ತೆ.

ಬೀದರ್ ಬುಲೆಟ್
ತುಕ್ಕು ಹಿಡಿಯೋಕೆ ಸಮುದ್ರವೇ ಬೇಕಾ ಕಾಕಾ? ನೀರು ಗಾಳಿ ಸಾಕು. ಡಿಸೆಂಬರ್‌ನಲ್ಲಿ ಬೆಳಗ್ಗೆ ಎದ್ದು ತಗಡಿನ ಶೆಡ್‌ನಲ್ಲಿರೋ ಚಾಸಿ ಮೇಲೆ ಅಂಗೈ ಆಡಿಸಿ ನೋಡ್ರಿ, ಒದ್ದೆ ಆಗುತ್ತೆ. ರೆಡ್ ಆಕ್ಸೈಡ್ ಒಂದೇ ಹೊಡೆದು ಬಿಟ್ಟರೆ ಆ ತೇವ ಅದರೊಳಗಿಂದ ಇಳಿಯುತ್ತೆ. ಇನ್ನೊಂದು ಮಾತು ಯಾರೂ ಹೇಳಲ್ಲ. ರೆಡ್ ಆಕ್ಸೈಡ್ ಮೇಲೆ 2ಕೆ ಪಿಯು ಬಣ್ಣ (ಹಾರ್ಡನರ್ ಅನ್ನೋ ಗಟ್ಟಿ ಮಾಡೋ ದ್ರವ ಕಲಸೋ ಬಣ್ಣ) ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸುತ್ತೆ, ಮೇಲೆಲ್ಲ ಸುಕ್ಕು. ಎರಡು ಡಬ್ಬಿ ಕಲಸುವ ಎಪಾಕ್ಸಿಗೆ ಆ ರೋಗ ಇಲ್ಲ.

ತೊಗರಿ ಕಣಜ
ತೇವ ತೇವ ಅಂತೀರಲ್ಲ, ನಮ್ಮ ಕಲಬುರಗಿ ಕೋಟೆ ಮೇಲೆ ಬಾರಾ ಗಜಿ ತೋಪು (ಹಳೆ ಫಿರಂಗಿ) ಇದೆ. ನೂರಾರು ಮಳೆಗಾಲ ಕಂಡಿದೆ. ಅದಕ್ಕೆ ಯಾರು ಎಪಾಕ್ಸಿ ಹೊಡೆದಿದ್ದರು ಹೇಳ್ರಿ?

ಬೀದರ್ ಬುಲೆಟ್
ತೋಪಿಗೂ ಜೀಪಿಗೂ ಏನ್ರಿ ಸಂಬಂಧ? ತೋಪಿನ ಗೋಡೆ ಗೇಣುದ್ದ ದಪ್ಪ. ಅದರ ಮೇಲೆ ಎರಡು ಮಿಲಿಮೀಟರ್ ತುಕ್ಕು ಹಿಡಿದರೆ ಯಾರಿಗೂ ಗೊತ್ತಾಗಲ್ಲ. ಜೀಪಿನ ಬಾಡಿ ತಗಡಿಗೆ ಎರಡು ಮಿಲಿಮೀಟರ್ ಹಿಡಿದರೆ ಅಲ್ಲಿ ತಗಡೇ ಇರಲ್ಲ.

ಕಾಯ್ದೆ ಪುಸ್ತಕ
ಎರಡನೇ ಪ್ರಶ್ನೆಗೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಓದಿ. ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಳೆ ಬೊಲೆರೊ ಎಂಜಿನ್ 2523 ಸಿಸಿ. ಆರ್‌ಸಿಯಲ್ಲಿ 2112 ಅಂತಿರುವಾಗ ಏನು ತೋರಿಸುತ್ತೀರಿ?

ಸುರಪುರ ಸವಾರ
ಜೈಲಂತೆ! ಯಾದಗಿರಿ ಜಿಲ್ಲೆಗೆ ಬಂದು ನೋಡ್ರಿ ಸಾಹೇಬ್ರೆ. ಬೇರೆ ಎಂಜಿನ್ ಕೂರಿಸಿದ ಜೀಪುಗಳು ದಿನಾ ಸಂತೆಗೆ ಜನ ಹೊತ್ತುಕೊಂಡು ಓಡಾಡುತ್ತವೆ. ಎಷ್ಟು ಜನ ಜೈಲಿಗೆ ಹೋಗಿದ್ದಾರೆ? ಪಾನಾಪೆಟ್ಟಿ, ಬೊಲೆರೊ ಎಂಜಿನ್ನೇ ಹಾಕು. ಟರ್ಬೊ ಇರೋ ಗಾಡಿಗೂ ಇಲ್ಲದ ಗಾಡಿಗೂ ಏರು ಹತ್ತುವಾಗ ಗೊತ್ತಾಗುತ್ತೆ.

ಕಾಯ್ದೆ ಪುಸ್ತಕ
"ಜನ ಹೊತ್ತುಕೊಂಡು" ಅಂದ್ರಲ್ಲ, ಅದೇ ಸಮಸ್ಯೆ. ಆ ಜನರಲ್ಲಿ ಒಬ್ಬರಿಗೆ ಏನಾದರೂ ಆದರೆ ವಿಮೆಯವರು ಮೊದಲು ನೋಡೋದು ಎಂಜಿನ್ ನಂಬರ್.

ಸುರಪುರ ಸವಾರ
ವಿಮೆಯವರು ಎಂಜಿನ್ ಸರಿ ಇದ್ದರೂ ಕೊಡಲ್ಲ, ತಪ್ಪಿದ್ದರೂ ಕೊಡಲ್ಲ. ಒಂದು ಸಲ ಎತ್ತು ಗುದ್ದಿದ್ದಕ್ಕೆ ಎಷ್ಟು ಓಡಾಡಿಸಿದರು ಅಂತ ನನಗೇ ಗೊತ್ತು. ಅವರ ಹೆಸರು ಬೇಡ ಬಿಡ್ರಿ.

ತೊಗರಿ ಕಣಜ
ಎಂಜಿನ್ ವಿಷಯ ಆಮೇಲೆ. ಬುಲೆಟ್ ಅಣ್ಣ ನಮ್ಮ ತೋಪಿನ ಮೇಲೆ ತುಕ್ಕು ಇದೆ ಅಂತಿದ್ದಾರೆ. ಅದು ಪಂಚಧಾತುವಿನ ತೋಪು ಅಂತ ಎಲ್ಲರೂ ಹೇಳ್ತಾರೆ. ಪಂಚಧಾತುವಿಗೆ ತುಕ್ಕೆಲ್ಲಿಂದ? ಉದ್ದ 29 ಅಡಿ. ಜಗತ್ತಿನಲ್ಲೇ ಉದ್ದದ ತೋಪು ಅಂತ ಪೇಪರ್‌ನಲ್ಲಿ ಬಂದಿತ್ತು.

ಬೀದರ್ ಬುಲೆಟ್
ಕೈಗೆ ಸಿಕ್ಕರಲ್ಲ ಈಗ! ಪಂಚಧಾತು ಆಗಿದ್ದರೆ ಅದಕ್ಕೆ ತುಕ್ಕು ಹಿಡಿಯದೇ ಇರೋದರಲ್ಲಿ ದೊಡ್ಡಸ್ತಿಕೆ ಏನು? ಕಬ್ಬಿಣದ ಚಾಸಿಗೆ ಬೇರೆ ಲೋಹದ ತೋಪನ್ನು ಸಾಕ್ಷಿಗೆ ಕರೆದಿದ್ದೀರಿ. ಕಬ್ಬಿಣದ್ದಾಗಿದ್ದರೆ ತುಕ್ಕು ಇದ್ದೇ ಇರುತ್ತೆ. ಯಾವುದು ಬೇಕು ಆರಿಸಿಕೊಳ್ಳಿ. ಮತ್ತೆ ತೋಪು ನೋಡಬೇಕಂದ್ರೆ ಬೀದರ್‌ಗೆ ಬನ್ನಿ, ಕೋಟೆಯ ಮುಂಡಾ ಬುರುಜಿನ ಮೇಲೆ ನಿಂತು ನೋಡ್ರಿ.

ತೊಗರಿ ಕಣಜ
ಮುಂಡಾ ಬುರುಜಿನದು ಎಷ್ಟು ಅಡಿ? ಉದ್ದ ಹೇಳದೇ ಮಾತು ತಿರುಗಿಸಬೇಡಿ.

ಗ್ಯಾರೇಜ್ ಕಾಕಾ
ಪಂಚಧಾತು ಅಲ್ಲ ಅದು. ನಾನು ಕೋಟೆ ಪಕ್ಕದಲ್ಲೇ ಬೆಳೆದವನು. ತೋಪಿನ ಮೈಮೇಲೆ ಬಳೆ ಬಳೆ ಕಾಣುತ್ತೆ. ಎರಕ ಹೊಯ್ದಿದ್ದರೆ ಬಳೆ ಯಾಕೆ ಇರುತ್ತೆ? ಕಬ್ಬಿಣದ ಪಟ್ಟಿ ಜೋಡಿಸಿ, ಕಾದ ಬಳೆ ಏರಿಸಿ ಬಡಿದಿದ್ದು. ಎತ್ತಿನ ಗಾಡಿ ಗಾಲಿಗೆ ಪಟ್ಟಿ ಏರಿಸೋದು ಹೀಗೇ. ಅಂದ್ರೆ ಕಬ್ಬಿಣ. ಎಪಾಕ್ಸಿ ಇಲ್ಲದ ಕಬ್ಬಿಣ. ಇನ್ನೂ ನಿಂತಿದೆ. ನನ್ನ ಮಾತೇ ಗೆದ್ದಿತು.

ಲ್ಯಾಬ್ ಮೇಷ್ಟ್ರು
ಕಬ್ಬಿಣ ಅಂದರೆ ಎಲ್ಲ ಒಂದೇ ಅಲ್ಲ. ದೆಹಲಿಯ ಕುತುಬ್ ಆವರಣದ ಕಂಬಕ್ಕೆ 1,600 ವರ್ಷ ಆಯ್ತು. ಅದರಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. ಮೇಲೆ ತೆಳ್ಳಗೆ ಫಾಸ್ಫೇಟ್ ಪದರ ಕಟ್ಟಿಕೊಂಡು ಅದೇ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಇದ್ದಿಲಲ್ಲಿ ಕಾಯಿಸಿ ಬಡಿದ ಹಳೆ ಕಬ್ಬಿಣಕ್ಕೂ ಈಗಿನ ಮೈಲ್ಡ್ ಸ್ಟೀಲ್‌ಗೂ ಇಲ್ಲೇ ವ್ಯತ್ಯಾಸ. ಈಗ ರಂಜಕವನ್ನು ಬೇಕಂತಲೇ ಇಳಿಸುತ್ತಾರೆ, ಇಲ್ಲದಿದ್ದರೆ ಸ್ಟೀಲ್ ಪೆಡಸಾಗುತ್ತೆ. ಜೀಪಿನ ಚಾಸಿಗೆ ಆ ರಕ್ಷಣೆ ಇಲ್ಲ, ನಾವೇ ಕೊಡಬೇಕು. ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿದರೆ ಕೆಂಪು ತುಕ್ಕು ಕಪ್ಪಗಾಗುತ್ತೆ. ಆದರೆ ಉಳಿದ ಆಸಿಡ್ ತೊಳೆದು ಪೂರ್ತಿ ಒಣಗಿಸದೇ ಎಪಾಕ್ಸಿ ಹೊಡೆದರೆ ಅದು ಹಿಡಿಯಲ್ಲ.

ತೊಗರಿ ಕಣಜ
ಮೇಷ್ಟ್ರೇ, ದೆಹಲಿ ಯಾಕೆ ತಂದ್ರಿ ಮಧ್ಯ? ನಮ್ಮ ಊರಿನ ತೋಪಿನ ಬಗ್ಗೆ ಮಾತಾಡುವಾಗ ಉದಾಹರಣೆಗೂ ದೆಹಲಿಗೇ ಹೋಗಬೇಕಾ?

ಗ್ಯಾರೇಜ್ ಕಾಕಾ
ತೊಳೀಬೇಕಂತೆ. ಬರೀ ಕಬ್ಬಿಣದ ಮೇಲೆ ನೀರು ಸುರಿಯೋದಾ? ಮೇಷ್ಟ್ರು ಇವತ್ತು ತೊಳೆದರೆ ನಾಳೆ ಬೆಳಗ್ಗೆ ಮತ್ತೆ ಕೆಂಪು. ಪುಸ್ತಕದ ಕೆಲಸಾನೇ ಬೇರೆ.

ಲ್ಯಾಬ್ ಮೇಷ್ಟ್ರು
ಮಧ್ಯಾಹ್ನ ಬಿಸಿಲಲ್ಲಿ ತೊಳೆದು ಕಂಪ್ರೆಸರ್ ಗಾಳಿ ಹಿಡಿದು ಒಣಗಿಸಿ, ಸಂಜೆಯೊಳಗೆ ಪ್ರೈಮರ್ ಹೊಡೆಯಿರಿ ಅಂತ ಅರ್ಥ. ರಾತ್ರಿ ತೊಳೆದು ಮಲಗಿ ಅಂದೆನಾ?

ಸುರಪುರ ಸವಾರ
ಉದ್ದ ಅಂದ್ರೆ ದೊಡ್ಡದು ಅಂತ ಯಾರು ಹೇಳಿದ್ದು? ವಿಜಯಪುರದ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಾ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯೊಳಗೆ ಒಬ್ಬ ಮನುಷ್ಯ ಕೂರಬಹುದು. ನಿಮ್ಮ 29 ಅಡಿ ಬರೀ ಕೊಳವೆ.

ತೊಗರಿ ಕಣಜ
ಕೊಳವೆ ಅಂದ್ರಾ? ಮಾತು ಹಿಡಿತದಲ್ಲಿ ಇರಲಿ. 1347ರಲ್ಲಿ ಬಹಮನಿಗಳು ರಾಜಧಾನಿ ಮಾಡಿಕೊಂಡ ಊರು ಇದು. ಆಗ ನಿಮ್ಮ ಸುರಪುರ ಎಲ್ಲಿತ್ತು?

ಬೀದರ್ ಬುಲೆಟ್
ರಾಜಧಾನಿ ಅಂದ್ರಲ್ಲ, ಆಮೇಲೆ ಅದೇ ರಾಜಧಾನಿಯನ್ನು ಎಲ್ಲಿಗೆ ತಂದರು ಅಂತಾನೂ ಹೇಳ್ರಿ. ಕಲಬುರಗಿ ಬಿಸಿಲು ತಡೆಯಲಾರದೆ ಬೀದರ್‌ಗೆ ಬಂದರು.

ಗ್ಯಾರೇಜ್ ಕಾಕಾ
ಬಿಸಿಲಿಗಲ್ಲ. ಚರಿತ್ರೆ ಓದು ಮೊದಲು.

ಬೀದರ್ ಬುಲೆಟ್
ಪುಸ್ತಕದ ಕೆಲಸಾನೇ ಬೇರೆ ಅಂದವರು ನೀವೇ ಅಲ್ವಾ ಕಾಕಾ?

ಪಾನಾಪೆಟ್ಟಿ, ಕಲಬುರಗಿ
ಅಣ್ಣಂದಿರಾ, ಚಾಸಿ ಬರಿಮೈಯಲ್ಲಿ ಕೂತಿದೆ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಉಜ್ಜಿದ್ದೇನೆ. ಹಿಂದಿನ ಸ್ಪ್ರಿಂಗ್ ಬ್ರಾಕೆಟ್ ಹತ್ತಿರ ಸುತ್ತಿಗೆಯಿಂದ ತಟ್ಟಿದರೆ ಎಲ್ಲ ಕಡೆ ಬರೋ ಹಾಗೆ ಠಣ್ ಅನ್ನಲ್ಲ, ಡಬ್ ಅನ್ನುತ್ತೆ. ಒಳಗಿಂದ ಕೆಂಪು ಪುಡಿ ಉದುರುತ್ತೆ. ಇದಕ್ಕೇನು ಮಾಡಲಿ?

ಸ್ಪ್ರೇ ಗನ್ ಅಕ್ಕ
ಡಬ್ ಅಂದ ಜಾಗಕ್ಕೆ ಯಾವ ಪ್ರೈಮರ್ರೂ ಮದ್ದಲ್ಲ ತಮ್ಮಾ. ಸ್ಕ್ರೂಡ್ರೈವರ್ ಮೊನೆಯಿಂದ ಒತ್ತು. ಚುಚ್ಚಿಕೊಂಡರೆ ಆ ತುಂಡು ಕತ್ತರಿಸಿ, ಅದೇ ದಪ್ಪದ ಪ್ಲೇಟ್ ವೆಲ್ಡ್ ಮಾಡಿಸಬೇಕು. ಹಳೆಯದರ ಮೇಲೆ ತೇಪೆ ಹಚ್ಚಿದರೆ ಎರಡರ ಮಧ್ಯೆ ನೀರು ನಿಂತು ಮತ್ತೆ ಅದೇ ಕಥೆ. ಗಂಡಸರು ತೋಪು ಅಳೆಯೋದು ಮುಗಿದ ಮೇಲೆ ಇದನ್ನೂ ಓದಲಿ.
ಬಣ್ಣದ ವಿಷಯ. ಚಳಿಗಾಲ ಒಳ್ಳೇದೇ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತೆ, ಗನ್ನಿಂದ ಹೊರಟ ಬಣ್ಣ ತಗಡು ಮುಟ್ಟುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆ ಹಾಗೆ ಕೂರುತ್ತೆ. ಆದರೆ ಡಿಸೆಂಬರ್ ಜನವರಿ ಅಂದರೆ ತೊಗರಿ ರಾಶಿ. ಊರಿನ ಅಂಚಿನಲ್ಲಿ ಮನೆ ಇದ್ದರೆ ಹೊಟ್ಟಿನ ಧೂಳು ಗಾಳಿಗೆ ತೇಲಿ ಬಂದು ಹಸಿ ಬಣ್ಣದ ಮೇಲೆ ಕೂರುತ್ತೆ. ರಾಶಿ ಮಿಷನ್ ನಿಂತ ಮೇಲೆ ನೆಲಕ್ಕೆ ನೀರು ಚಿಮುಕಿಸಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಹೊಡಿ. ಸಂಜೆ ಹೊಡೆದರೆ ರಾತ್ರಿ ಚಳಿಗೆ ಹಾರ್ಡನರ್ ಕೆಲಸ ಮಾಡಲ್ಲ. ಮತ್ತೆ, 2ಕೆ ಪಿಯು ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಟವೆಲ್ ಕಟ್ಟಿಕೊಂಡರೆ ನಡೆಯಲ್ಲ. ಮನೆಗೆ ತಾಗಿದ ಶೆಡ್‌ನಲ್ಲಿ ಮಕ್ಕಳು ಮುದುಕರು ಇರುವಾಗ ಹೊಡೀಲೇಬೇಡ. ಬಾಡಿ ಪೇಂಟ್ ಬೂತ್‌ಗೆ ಕೊಡು, ಚಾಸಿ ಮನೆಯಲ್ಲಿ ಬ್ರಷ್‌ನಲ್ಲೇ ಮಾಡು.

ಗ್ಯಾರೇಜ್ ಕಾಕಾ
"ಬ್ರಷ್‌ನಲ್ಲೇ ಮಾಡು" ಅಂತ ಅಕ್ಕಾರೇ ಹೇಳಿದರು. ಬ್ರಷ್‌ನಲ್ಲಿ ಚೆಂದ ಹಿಡಿಯೋದು ಯಾವುದು? ರೆಡ್ ಆಕ್ಸೈಡ್.

ಸ್ಪ್ರೇ ಗನ್ ಅಕ್ಕ
ಎಪಾಕ್ಸಿ ಪ್ರೈಮರ್ ಕೂಡ ಬ್ರಷ್‌ನಲ್ಲಿ ಹಿಡಿಯುತ್ತೆ ಕಾಕಾ. ನನ್ನ ಬಾಯಲ್ಲಿ ನಿಮ್ಮ ಡಬ್ಬಿ ಇಡಬೇಡಿ.

ಸುರಪುರ ಸವಾರ
ಬೂತ್‌ಗೆ ಕೊಡೋದಾದರೆ ಮನೆಯಲ್ಲಿ ಕಟ್ಟಿದ ಗಾಡಿ ಅಂತ ಯಾಕೆ ಹೇಳಿಕೊಳ್ಳಬೇಕು? ಆಮೇಲೆ ಕಾಯ್ದೆ ಸಾಹೇಬ್ರೆ, ವಿಂಟೇಜ್ ಅಂತ ನೋಂದಣಿ ಮಾಡಿಸಿಬಿಟ್ಟರೆ ಆಯ್ತಲ್ಲ? ಹಳೆ ಗಾಡಿಗೆ ಈಗ ಬೇರೆ ನಂಬರ್ ಕೊಡ್ತಾರಂತೆ.

ಕಾಯ್ದೆ ಪುಸ್ತಕ
2021ರ ನಿಯಮ ಅದು. ಗಾಡಿಗೆ 50 ವರ್ಷ ದಾಟಿರಬೇಕು. ಎಂಎಂ540 ಬಂದಿದ್ದೇ 1980ರ ದಶಕದಲ್ಲಿ. ಅದೂ ಅಲ್ಲದೆ ಚಾಸಿ, ಬಾಡಿ, ಎಂಜಿನ್ ಬದಲಿಸಿದ ಗಾಡಿಗೆ ವಿಂಟೇಜ್ ಸಿಗಲ್ಲ. ಸಿಕ್ಕರೂ ದಿನಾ ರಸ್ತೆಗೆ ಇಳಿಸುವಂತಿಲ್ಲ. ಪಾನಾಪೆಟ್ಟಿಯವರೇ, ಅದೇ ಮಾದರಿಯ ಪ್ಯೂಜೋ ಎಂಜಿನ್ ಇನ್ನೊಂದು ಸಿಕ್ಕರೆ ಆರ್‌ಟಿಒ ಅನುಮತಿ ಪಡೆದು ಹಾಕಿ, 14 ದಿನದೊಳಗೆ ವರದಿ ಕೊಡಿ. ಹದಿನೈದು ವರ್ಷ ದಾಟಿದ ಗಾಡಿ ಹೇಗಿದ್ದರೂ ಐದು ವರ್ಷಕ್ಕೊಮ್ಮೆ ಮರುನೋಂದಣಿಗೆ ಅವರ ಮುಂದೆ ನಿಲ್ಲಲೇಬೇಕು. ಅಲ್ಲಿ ಬಾನೆಟ್ ಎತ್ತುತ್ತಾರೆ.

ಸುರಪುರ ಸವಾರ
ಬಾನೆಟ್ ಎತ್ತೋ ದಿನ ಹಳೆ ಎಂಜಿನ್ ಕೂರಿಸಿದರೆ ಆಯ್ತು.

ಕಾಯ್ದೆ ಪುಸ್ತಕ
ಇದನ್ನು ಎಲ್ಲರಿಗೂ ಕಾಣುವ ಕಡೆ ಬರೆದಿದ್ದಕ್ಕೆ ಧನ್ಯವಾದ.

ತೊಗರಿ ಕಣಜ
ಮುಂಡಾ ಬುರುಜಿನ ತೋಪಿನ ಉದ್ದ ಇನ್ನೂ ಯಾರೂ ಹೇಳಿಲ್ಲ. ಗಮನಿಸಿ.

ಬೀದರ್ ಬುಲೆಟ್
ತೋಪು ಅಳೆಯೋದು ಬಾಯಿಯ ಅಗಲದಿಂದ.

ತೊಗರಿ ಕಣಜ
ಹಂಗಂತ ನೀವು ಈಗ ಹೇಳ್ತಿದ್ದೀರಿ. ಸುರಪುರದವರು ಹೇಳಿದ್ದನ್ನೇ ಎತ್ತಿಕೊಂಡು!

ಪಾನಾಪೆಟ್ಟಿ, ಕಲಬುರಗಿ
ಸ್ಕ್ರೂಡ್ರೈವರ್ ಒತ್ತಿದೆ ಅಕ್ಕಾರೇ, ಹಿಡಿವರೆಗೂ ಒಳಗೆ ಹೋಯ್ತು. ನಾಳೆ ವೆಲ್ಡಿಂಗ್‌ನವನು ಬರ್ತಾನೆ. ಎಂಜಿನ್ ಪ್ಯೂಜೋನೇ ಇರಲಿ ಅಂತ ಅಪ್ಪನೂ ಹೇಳಿದರು. ಅವರ ಕಾರಣ ಬೇರೆ, ಡೀಸೆಲ್ ಕಡಿಮೆ ಕುಡಿಯುತ್ತೆ ಅಂತ. ಎಪಾಕ್ಸಿ ಡಬ್ಬಿ ತಂದಿದ್ದೇನೆ.

ಗ್ಯಾರೇಜ್ ಕಾಕಾ
ವೆಲ್ಡ್ ಮಾಡಿಸುವ ಮೊದಲು ಚಾಸಿ ಮೂಲೆಯಿಂದ ಮೂಲೆಗೆ ಅಡ್ಡ ಟೇಪ್ ಹಿಡಿ, ಎರಡೂ ಕಡೆ ಒಂದೇ ಅಳತೆ ಬರಬೇಕು. ಬರಲಿಲ್ಲ ಅಂದ್ರೆ ಚಾಸಿ ವಾಲಿದೆ ಅಂತ. ವಾಲಿದ್ದರ ಮೇಲೆ ವೆಲ್ಡ್ ಬಿತ್ತು ಅಂದ್ರೆ ಗಾಡಿ ಜನ್ಮಕ್ಕೂ ಒಂದು ಕಡೆ ಎಳೆಯುತ್ತೆ. ಎಪಾಕ್ಸಿ ತಂದಿದ್ದೀಯ, ಹೊಡಕೋ. ದುಡ್ಡು ಜಾಸ್ತಿ ಆಗಿದ್ದರೆ ಯಾರೇನು ಮಾಡೋಕಾಗುತ್ತೆ.

ಬೀದರ್ ಬುಲೆಟ್
ಡಬ್ಬಿ ಮೇಲೆ ಬರೆದ ಅಳತೆಗೇ ಹಾರ್ಡನರ್ ಕಲಸು, ಕಲಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೊಡಿ. ಕಾಕಾರ ಕೈ ಅಂದಾಜು ಇಲ್ಲಿ ನಡೆಯಲ್ಲ.

ಗ್ಯಾರೇಜ್ ಕಾಕಾ
ಕೈ ಅಂದಾಜಾ? ನೀನು ಹುಟ್ಟೋಕೆ ಮುಂಚೆ ಈ ಕೈಯಲ್ಲಿ ಎಷ್ಟು ಜೀಪಿನ ಎಂಜಿನ್ ಹೆಡ್ ಬಿಗಿದಿದ್ದೀನಿ ಗೊತ್ತಾ?

ಬೀದರ್ ಬುಲೆಟ್
ಬಿಗಿತ ಅಳೆಯೋ ಟಾರ್ಕ್ ರೆಂಚ್ ಇಲ್ಲದೇನಾ? ಹಾಗಾದರೆ ಎಷ್ಟು ಗ್ಯಾಸ್ಕೆಟ್ ಹೋಗಿವೆ ಅಂತಾನೂ ಹೇಳ್ರಿ.